ಬೆಲ್ಟಿಗೆ ಸಿಕ್ಕ ಬೆರಳು

ಸೈಕಲ್ಲಿಗೆ ಎಂಜಿನ್ ಕೂರಿಸಿ ಒಂದು ವರ್ಷ ದಾಟಿತ್ತು. 2019ರ ಬೇಸಿಗೆಯಲ್ಲಿ ನಾನು ಬದಲಿಸಲು ಹೊರಟದ್ದು ಅದರ ಬೆಲ್ಟ್ ಡ್ರೈವ್ ಒಂದನ್ನೇ.

ಸೈಕಲ್ಲು ಹಳೆಯ ಹರ್ಕ್ಯುಲಿಸ್, 28 ಇಂಚಿನ ಗಾಲಿಯದು. ಎಂಜಿನ್ನು ಕಳೆ ಕತ್ತರಿಸುವ ಯಂತ್ರದಿಂದ ಬಿಚ್ಚಿದ್ದು. 25 ಸಿಸಿ, ಹೆಚ್ಚುಕಡಿಮೆ ಒಂದು ಅಶ್ವಶಕ್ತಿ. 25 ಸಿಸಿಗಿಂತ ದೊಡ್ಡದನ್ನು ನಾನು ಬೇಕೆಂದೇ ಹಾಕಲಿಲ್ಲ. ನಾಲ್ಕಕ್ಕಿಂತ ಕಡಿಮೆ ಗಾಲಿಯ ವಾಹನಕ್ಕೆ 25 ಸಿಸಿ ಮೀರದ ಎಂಜಿನ್ ಇದ್ದರೆ ಅದು 1988ರ ಮೋಟಾರು ವಾಹನ ಕಾಯಿದೆಯ ವ್ಯಾಖ್ಯೆಯೊಳಗೆ ಬರುವುದಿಲ್ಲ.

ನಾನು ಭದ್ರಾವತಿಯವನು. ಟರ್ನರ್ ಕೆಲಸ ಕಲಿತು ಮದ್ರಾಸಿಗೆ ಬಂದವನು ಇಲ್ಲೇ ಉಳಿದೆ. ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಅಂಬತ್ತೂರು ಎಸ್ಟೇಟಿನಲ್ಲಿ ಗೆಳೆಯನೊಬ್ಬನ ಶೆಡ್ಡಿಗೆ ಹೋಗಿ ಲೇತ್ ಕೆಲಸ ಮಾಡುತ್ತಿದ್ದೆ. ಮನೆ ವಿಲ್ಲಿವಾಕ್ಕಂ. ಮೊಣಕಾಲು ಸವೆದಿತ್ತು. ಪೆಡಲ್ ತುಳಿದು ಅಷ್ಟು ದೂರ ಹೋಗಿಬರುವುದು ಆಗುತ್ತಿರಲಿಲ್ಲ. "ಒಂದು ಟಿವಿಎಸ್ ಎಕ್ಸೆಲ್ ತಗೊಂಡ್ರೆ ಆಗಲ್ವೇನ್ರೀ?" ಎಂದು ಹೆಂಡತಿ ಕೇಳಿದಳು. ಆಗುತ್ತಿತ್ತು. ಆದರೆ ಕೈಯಲ್ಲಿ ಲೇತ್ ಇರುವವನಿಗೆ ಮಾಡಿ ನೋಡುವ ಚಪಲ ಇರುತ್ತದೆ. ನನಗೂ ಇತ್ತು.

ಮೊದಲಿನ ಡ್ರೈವ್ ಸರಳವಾಗಿತ್ತು. ಎಂಜಿನ್ನಿನ ಕ್ಲಚ್ ಡ್ರಮ್ಮಿಗೆ 50 ಮಿಲಿಮೀಟರ್ ವ್ಯಾಸದ ಪುಲಿ. ಹಿಂದಿನ ಗಾಲಿಯ ಕಡ್ಡಿಗಳಿಗೆ ಬೋಲ್ಟ್ ಹಾಕಿ ಕೂರಿಸಿದ ಇನ್ನೊಂದು ರಿಮ್, 500 ಮಿಲಿಮೀಟರಿನದು. ಎರಡರ ನಡುವೆ 10 ಮಿಲಿಮೀಟರ್ ಅಗಲದ ವಿ-ಬೆಲ್ಟ್. ಮೊದಲ ಮಹಾಯುದ್ಧಕ್ಕೆ ಮುಂಚಿನ ಎಷ್ಟೋ ಮೋಟಾರ್ ಸೈಕಲ್ಲುಗಳು ಹೀಗೇ ಓಡುತ್ತಿದ್ದವು, ಹಿಂದಿನ ಗಾಲಿಗೆ ಬೆಲ್ಟ್ ರಿಮ್ ಕಟ್ಟಿಕೊಂಡು. ಮಳೆ ಬಂದರೆ ಅವುಗಳ ಬೆಲ್ಟ್ ಜಾರುತ್ತಿತ್ತು. ನನ್ನದೂ ಜಾರುತ್ತಿತ್ತು.

ಜಾರುವುದಕ್ಕಿಂತ ದೊಡ್ಡ ತೊಂದರೆ ಲೆಕ್ಕದಲ್ಲಿತ್ತು. ಎಂಜಿನ್ ಹತ್ತು ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು. ಇಷ್ಟು ಚಿಕ್ಕ ಎಂಜಿನ್ನಿಗೆ ಅದು ಸಾಲದು. ಇಂಥವು ನಿಮಿಷಕ್ಕೆ ಆರು ಸಾವಿರ ಸುತ್ತಿನಲ್ಲಿ ಸರಾಗ ಉಸಿರಾಡುತ್ತವೆ. 28 ಇಂಚಿನ ಗಾಲಿ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. ಗಂಟೆಗೆ 25 ಕಿಲೋಮೀಟರ್ ಸಾಕೆಂದರೆ ಗಾಲಿ ನಿಮಿಷಕ್ಕೆ 190 ಸುತ್ತು ತಿರುಗಿದರೆ ಆಯಿತು. ಅಂದರೆ ಮೂವತ್ತಕ್ಕೆ ಒಂದು ಬೇಕು, ಇದ್ದದ್ದು ಹತ್ತಕ್ಕೆ ಒಂದು. ಪಾಡಿ ಮೇಲ್ಸೇತುವೆ ಹತ್ತುವಾಗ ಎಂಜಿನ್ ಉಸಿರುಗಟ್ಟಿ ನಿಲ್ಲುತ್ತಿತ್ತು. ನಾನು ಇಳಿದು ತಳ್ಳುತ್ತಿದ್ದೆ.

ಅದಕ್ಕೆ ನಡುವೆ ಒಂದು ಕೌಂಟರ್ ಶಾಫ್ಟ್ ಹಾಕಲು ಹೊರಟೆ. ಎಂಜಿನ್ನಿನ 50ರ ಪುಲಿಯಿಂದ 150ರ ಪುಲಿಗೆ ಒಂದು ಬೆಲ್ಟ್. ಅದೇ ಶಾಫ್ಟಿನ ಇನ್ನೊಂದು ತುದಿಯ 50ರ ಪುಲಿಯಿಂದ ಗಾಲಿಯ ರಿಮ್ಮಿಗೆ ಮತ್ತೊಂದು. ಮೂರು ಹತ್ತಲ ಮೂವತ್ತು. ಪುದುಪೇಟೆಯ ಗುಜರಿ ಅಂಗಡಿಗಳಲ್ಲಿ ಪುಲಿ ಹುಡುಕಿದೆ. ತಿರುಪತಿಯಲ್ಲಿ ತಯಾರಾಗುತ್ತಿದ್ದ ಸುವೇಗಾ ಮೊಪೆಡ್ಡಿನದೊಂದು ಸಿಕ್ಕಿತು. ಆ ಮೊಪೆಡ್ಡಿಗೂ ಎಂಜಿನ್ನಿನಿಂದ ಬೆಲ್ಟೇ ಇತ್ತು. ಅಳತೆ ಹೊಂದಲಿಲ್ಲ, ಅಲ್ಲೇ ಬಿಟ್ಟು ಬಂದೆ. ಕೊನೆಗೆ ಅಲ್ಯೂಮಿನಿಯಂ ತಂದು ನಾನೇ ತಿರುವಿದೆ. ಎರಡು 6202 ಬೇರಿಂಗ್, ಫ್ರೇಮಿಗೆ ವೆಲ್ಡ್ ಮಾಡಿದ ಒಂದು ಬ್ರ್ಯಾಕೆಟ್. ದೊಡ್ಡ ರಿಮ್ಮಿನ ಜೊತೆ ಓಡುವಾಗ ಚಿಕ್ಕ ಪುಲಿಯನ್ನು ಬೆಲ್ಟ್ ಅರ್ಧ ಸುತ್ತೂ ಅಪ್ಪುವುದಿಲ್ಲ. ಜಾರುವುದು ಅಲ್ಲೇ. ಅಪ್ಪುಗೆ ಹೆಚ್ಚಲೆಂದು ಹೊರಗಿನಿಂದ ಒತ್ತುವ ಐಡ್ಲರ್ ಒಂದನ್ನು ಇಟ್ಟೆ.

ಕೆಲಸ ಚೆನ್ನಾಗಿ ಬಂತು. ಇದನ್ನು ಹೇಳಲೇಬೇಕು. ಎರಡೂ ಬೆಲ್ಟ್ ಗೆರೆ ತಪ್ಪದೆ ಓಡುತ್ತಿದ್ದವು. ಗಾರ್ಡಿಗೆಂದು ತಗಡು ಕತ್ತರಿಸಿಟ್ಟಿದ್ದೆ, ಇನ್ನೂ ಕೂರಿಸಿರಲಿಲ್ಲ.

ಮೇ ತಿಂಗಳ ಮೊದಲ ವಾರ. ತಮಿಳರು ಅಗ್ನಿ ನಕ್ಷತ್ರ ಎನ್ನುವ ಬಿಸಿಲು ಆಗಷ್ಟೇ ಶುರುವಾಗಿತ್ತು. ಶೆಡ್ಡಿನಲ್ಲಿ ನಾನೂ ಗೆಳೆಯನೂ ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ, ಗಾಲಿ ಗಾಳಿಯಲ್ಲಿ ತಿರುಗುವಂತೆ ಮಾಡಿ, ಎಂಜಿನ್ನನ್ನು ಬಹಳ ಹೊತ್ತು ಓಡಿಸಿದೆವು. ಬಿಸಿಯಾದ ಮೇಲೆ ಬೆಲ್ಟ್ ಎಷ್ಟು ಸಡಿಲಾಗುತ್ತದೆ ಎಂದು ನೋಡಬೇಕಿತ್ತು. ಆಕ್ಸಿಲರೇಟರ್ ಬಿಟ್ಟೆ. ಎಂಜಿನ್ ಐಡಲಿಗೆ ಇಳಿಯಿತು. ಈ ಕ್ಲಚ್ಚಿನಲ್ಲಿ ಎರಡು ಶೂಗಳನ್ನು ಒಂದು ಸ್ಪ್ರಿಂಗ್ ಒಳಕ್ಕೆ ಎಳೆದು ಹಿಡಿದಿರುತ್ತದೆ. ವೇಗ ಏರಿದಾಗ ಮಾತ್ರ ಶೂಗಳು ಹೊರಕ್ಕೆ ಚಾಚಿ ಡ್ರಮ್ಮನ್ನು ಕಚ್ಚುತ್ತವೆ. ಐಡಲಿನಲ್ಲಿ ಎಂಜಿನ್ ತಿರುಗುತ್ತಿದ್ದರೂ ಬೆಲ್ಟ್ ನಿಂತಿರುತ್ತದೆ. ಅವತ್ತೂ ನಿಂತಿತ್ತು. ಎಡಗೈಯ ಬೆರಳುಗಳಿಂದ ಬೆಲ್ಟನ್ನು ಒತ್ತಿ ನೋಡಿದೆ.

ಸ್ಪ್ರಿಂಗ್ ತುಂಡಾಯಿತು. ಅದು ತುಂಡಾದದ್ದು ನಮಗೆ ಗೊತ್ತಾದದ್ದು ಆಮೇಲೆ, ಡ್ರಮ್ ಬಿಚ್ಚಿದಾಗ.

ನನಗೆ ಗೊತ್ತಾದದ್ದು ಎಳೆತ. ಕೈ ನನ್ನನ್ನು ಬಿಟ್ಟು ಮುಂದೆ ಹೋಯಿತು. ತೋರುಬೆರಳು ಬೆಲ್ಟಿಗೂ ದೊಡ್ಡ ಪುಲಿಗೂ ನಡುವೆ ಹೋಗಿ ತುಂಡಾಯಿತು. ನಡುಬೆರಳು ಅಲ್ಲಿ ಸಿಕ್ಕಿಕೊಂಡಿತು. ಎಂಜಿನ್ ಉಸಿರುಗಟ್ಟಿ ನಿಂತಿತು. ಇನ್ನೂ ದೊಡ್ಡ ಎಂಜಿನ್ ಆಗಿದ್ದರೆ ನಿಲ್ಲುತ್ತಿರಲಿಲ್ಲ.

"ಗಾಲಿ ಹಿಂದಕ್ಕೆ ತಿರುಗಿಸು" ಎಂದು ಗೆಳೆಯನಿಗೆ ಹೇಳಿದೆ. ಅವನು ತಿರುಗಿಸಲಿಲ್ಲ. ಹ್ಯಾಕ್ಸಾ ಬ್ಲೇಡ್ ತಂದು ಬೆಲ್ಟ್ ಕೊಯ್ಯತೊಡಗಿದ. ವಿ-ಬೆಲ್ಟಿನ ಒಳಗೆ ದಾರದ ಹುರಿ ಇರುತ್ತದೆ, ಬೇಗ ತುಂಡಾಗುವುದಿಲ್ಲ. ಅವನು ಕೊಯ್ಯುವಷ್ಟು ಹೊತ್ತೂ ನೋವು ಇತ್ತು. ಕೂಗಿದೆ. ಎಷ್ಟು ಕೂಗಿದೆನೋ ತಿಳಿಯದು, ಪಕ್ಕದ ಶೆಡ್ಡಿನವರೆಲ್ಲ ಬಂದಿದ್ದರು. ಹಿಂದಕ್ಕೆ ತಿರುಗಿಸಿದ್ದರೆ ನಡುಬೆರಳೂ ಉಳಿಯುತ್ತಿರಲಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದರು.

ಕೈ ಹೊರಬಂತು. ಗೆಳೆಯ ಒಗೆದ ಪಂಚೆಯನ್ನು ಮಡಿಸಿ ಗಾಯಕ್ಕೆ ಒತ್ತಿ ಹಿಡಿದ. ಬಂದವರಲ್ಲಿ ಎದುರಿನ ಔಷಧಿ ಅಂಗಡಿಯವನೂ ಇದ್ದ. "ಅಣ್ಣಾ, ವಿರಲ್ ಎಂಗೆ?" ಎಂದು ಕೇಳಿದ. ಬೆರಳು ಎಲ್ಲಿ ಎಂದು. ಅಲ್ಲಿಯವರೆಗೆ ಯಾರಿಗೂ ಅದರ ಯೋಚನೆ ಬಂದಿರಲಿಲ್ಲ. ಹೆಲ್ಪರ್ ಹುಡುಗ ಸೈಕಲ್ಲಿನ ಕೆಳಗೆ ಲೋಹದ ಸುರುಳಿಗಳ ನಡುವೆ ಹುಡುಕಿ ತೆಗೆದ. ಔಷಧಿ ಅಂಗಡಿಯವನು ಸಲೈನ್ ಬಾಟಲಿ ಒಡೆದು ಅದನ್ನು ತೊಳೆದ, ಒದ್ದೆ ಗಾಜ್ ಬಟ್ಟೆಯಲ್ಲಿ ಸುತ್ತಿದ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟಿದ. ಜ್ಯೂಸ್ ಅಂಗಡಿಯಿಂದ ಐಸ್ ತರಿಸಿ, ಇನ್ನೊಂದು ಚೀಲದಲ್ಲಿ ಐಸ್ ತುಂಬಿ, ಮೊದಲ ಚೀಲವನ್ನು ಅದರೊಳಗೆ ಇಟ್ಟ. ಐಸ್ ನೇರವಾಗಿ ತಾಗಬಾರದು ಎಂದು ಎರಡು ಸಲ ಹೇಳಿದ. ಸ್ಟಾನ್ಲಿ ಆಸ್ಪತ್ರೆಗೆ ಹೋಗಿ, ಬೇರೆಲ್ಲೂ ನಿಲ್ಲಬೇಡಿ ಎಂದ.

ಆಟೋದಲ್ಲಿ ಹೋದೆವು. ಪಾಡಿ, ವಿಲ್ಲಿವಾಕ್ಕಂ, ಪೆರಂಬೂರು, ಮಿಂಟ್. ವಿಲ್ಲಿವಾಕ್ಕಂ ದಾಟುವಾಗ ಮನೆಗೆ ಹೇಳಬೇಕಲ್ಲ ಎನ್ನಿಸಿತು. ಹೇಳುವುದು ಬೇಡ ಎಂದೂ ಎನ್ನಿಸಿತು. ಆ ಹೊತ್ತಿನಲ್ಲಿ ನನ್ನನ್ನು ಹಿಡಿದಿದ್ದ ಭಯ ಸಾವಿನದಲ್ಲ. ಮೈಕ್ರೋಮೀಟರ್ ಹಿಡಿಯುವುದು ಎಡಗೈ. ಲೇತಿನ ಕ್ಯಾರೇಜ್ ಚಕ್ರ ತಿರುಗಿಸುವುದು ಎಡಗೈ. ಅದನ್ನೇ ಯೋಚಿಸುತ್ತಿದ್ದೆ.

ಹಳೇ ವಣ್ಣಾರಪೇಟೆಯ ಸ್ಟಾನ್ಲಿ ಆಸ್ಪತ್ರೆಯನ್ನು ಹಳಬರು ಕಂಜಿ ತೊಟ್ಟಿ ಆಸ್ಪತ್ರೆ ಎನ್ನುತ್ತಿದ್ದರು. 1782ರ ಬರಗಾಲದಲ್ಲಿ ಹಸಿದವರಿಗೆ ಗಂಜಿ ಹಾಕುತ್ತಿದ್ದ ಛತ್ರದಿಂದ ಬೆಳೆದದ್ದು ಅದು. ಕೈಯ ಗಾಯಗಳಿಗಾಗಿಯೇ ಅಲ್ಲಿ ಬೇರೆ ವಿಭಾಗವಿದೆ. ಪ್ರೊಫೆಸರ್ ಆರ್. ವೆಂಕಟಸ್ವಾಮಿ ಅದನ್ನು 1971ರಲ್ಲಿ ಆರಂಭಿಸಿದರು. 2018ರಲ್ಲಿ ಎರಡೂ ಕೈ ಕಳೆದುಕೊಂಡವರೊಬ್ಬರಿಗೆ ಅಲ್ಲಿ ಕೈಗಳನ್ನೇ ಕಸಿ ಮಾಡಿದ್ದರು. ಮದ್ರಾಸಿನ ಕಾರ್ಖಾನೆಗಳಲ್ಲಿ ದುಡಿದವರಿಗೆಲ್ಲ ಆ ವಿಭಾಗ ಗೊತ್ತು. ನನಗೂ ಹೆಸರು ಗೊತ್ತಿತ್ತು.

ಎಕ್ಸ್-ರೇ ಆಯಿತು. ಟೆಟನಸ್ ಇಂಜೆಕ್ಷನ್ ಆಯಿತು. ಡಾಕ್ಟರಮ್ಮ ಚೀಲ ಬಿಚ್ಚಿ ನೋಡಿ, "ಯಾರು ಕಟ್ಟಿದ್ದು? ಚೆನ್ನಾಗಿ ಕಟ್ಟಿದ್ದಾರೆ" ಎಂದರು. ಆಮೇಲೆ ಇದ್ದದ್ದನ್ನು ಇದ್ದಂತೆ ಹೇಳಿದರು. ಕತ್ತಿಯಿಂದ ತುಂಡಾದ ಬೆರಳಿನ ರಕ್ತನಾಳದ ತುದಿ ನೇರವಾಗಿರುತ್ತದೆ, ಜೋಡಿಸಬಹುದು. ಬೆಲ್ಟ್ ಹಾಗೆ ಕತ್ತರಿಸುವುದಿಲ್ಲ. ಜಜ್ಜಿ ಎಳೆಯುತ್ತದೆ, ನಾಳ ಒಳಗೊಳಗೇ ಹರಿದಿರುತ್ತದೆ. ಪ್ರಯತ್ನ ಮಾಡುತ್ತೇವೆ, ಭರವಸೆ ಕೊಡುವುದಿಲ್ಲ ಎಂದರು. ಸರಿ ಎಂದೆ.

ಕಾಲರ್ ಮೂಳೆಯ ಹತ್ತಿರ ಇಂಜೆಕ್ಷನ್ ಕೊಟ್ಟು ತೋಳು ಮರಗಟ್ಟಿಸಿದರು. ಎಚ್ಚರವಾಗಿಯೇ ಇದ್ದೆ. ಮೈಕ್ರೋಸ್ಕೋಪಿನ ಕೆಳಗೆ ಕೆಲಸ ನಡೆಯಿತು. ಬೆರಳಿನ ರಕ್ತನಾಳ ಒಂದು ಮಿಲಿಮೀಟರಿನ ಆಸುಪಾಸು. ಅದನ್ನು ಹೊಲಿಯುವ ದಾರ ತಲೆಕೂದಲಿಗಿಂತ ತೆಳು. ಜೀವಮಾನವಿಡೀ ಮಿಲಿಮೀಟರಿನ ನೂರನೇ ಒಂದು ಭಾಗ ಅಳೆದವನು ನಾನು. ನನಗೂ ಆ ಕೆಲಸ ದೊಡ್ಡದಾಗಿ ಕಂಡಿತು. ಪರದೆಯ ಆಚೆ ಅವರು ಸಣ್ಣ ದನಿಯಲ್ಲಿ ಮಾತಾಡಿಕೊಳ್ಳುವುದು ಕೇಳುತ್ತಿತ್ತು. ಒಂದು ಅಪಧಮನಿ ಜೋಡಿಸಿದರು. ಅಭಿಧಮನಿ ಸರಿಯಾಗಿ ಸಿಗಲಿಲ್ಲ. ರಕ್ತ ಒಳಗೆ ಹೋಗುತ್ತಿತ್ತು, ಹೊರಗೆ ಬರಲು ದಾರಿ ಸಾಲುತ್ತಿರಲಿಲ್ಲ.

ವಾರ್ಡಿನಲ್ಲಿ ನರ್ಸ್ ಆಗಾಗ ಬಂದು ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತದ ಬಣ್ಣ ನೋಡುತ್ತಿದ್ದಳು. ಕೆಂಪಗಿದ್ದರೆ ಸುಮ್ಮನೆ ಹೋಗುತ್ತಿದ್ದಳು. ಕಪ್ಪಗಿದ್ದರೆ ಡಾಕ್ಟರನ್ನು ಕರೆಯುತ್ತಿದ್ದಳು. ಕಾಫಿ ಕುಡಿಯಬಾರದು, ನಾಳಗಳು ಕುಗ್ಗುತ್ತವೆ ಎಂದಿದ್ದರು. ಬೀಡಿ ಸಿಗರೇಟು ನನಗೆ ಇರಲಿಲ್ಲ. ಕಾಫಿ ಬಿಡುವುದು ಕಷ್ಟವಾಯಿತು, ಆ ಕಷ್ಟ ಬೇರೆಯದನ್ನು ಸ್ವಲ್ಪ ಮರೆಸಿತು.

ಬೆರಳು ಮೊದಲು ಗುಲಾಬಿಯಾಗಿತ್ತು. ಆಮೇಲೆ ನೀಲಿಯಾಯಿತು. ಆಮೇಲೆ ಕಪ್ಪಾಯಿತು. ಒಂದು ಬೆಳಿಗ್ಗೆ ಡಾಕ್ಟರಮ್ಮ ಬಂದು, "ತೆಗೆಯಬೇಕು ಅಯ್ಯಾ" ಎಂದರು. ತೆಗೆದರು. ತೋರುಬೆರಳಿನಲ್ಲಿ ಒಂದು ಗಣ್ಣು ಉಳಿಯಿತು, ಎರಡು ಹೋದವು. ಹೆಂಡತಿ ಅವತ್ತು ಅತ್ತಳು. ನಾನು ಅಳಲಿಲ್ಲ, ನಿದ್ದೆ ಮಾಡಿದೆ. ಬಹಳ ದಣಿವಾಗಿತ್ತು.

ನಡುಬೆರಳಿನ ಚರ್ಮ ಸುಲಿದುಹೋಗಿತ್ತು, ಒಳಗಿನ ನರ ಕಾಣುತ್ತಿತ್ತು. ಅದನ್ನು ಮುಚ್ಚಲು ತೊಡೆಸಂದಿನ ಚರ್ಮವನ್ನು ಒಂದು ಕಡೆ ಮಾತ್ರ ಬಿಡಿಸಿ ಬೆರಳಿಗೆ ಹೊಲಿದರು. ಗ್ರಾಯಿನ್ ಫ್ಲ್ಯಾಪ್ ಎನ್ನುತ್ತಾರೆ. 1972ರಲ್ಲಿ ಮೆಕ್‌ಗ್ರೆಗರ್ ಮತ್ತು ಜಾಕ್ಸನ್ ಎಂಬ ಸರ್ಜನ್ನರು ವಿವರಿಸಿದ ವಿಧಾನ. ಆ ಚರ್ಮ ಬೆರಳಿನಿಂದ ರಕ್ತ ಪಡೆಯುವವರೆಗೆ, ಅಂದರೆ ಸುಮಾರು ಮೂರು ವಾರ, ಕೈ ತೊಡೆಸಂದಿಗೆ ಹೊಲಿದುಕೊಂಡೇ ಇರಬೇಕು.

ಆ ಮೂರು ವಾರಗಳ ಬಗ್ಗೆ ಹೇಳುವುದು ಕಷ್ಟ. ಮಗ್ಗುಲಾಗುವಂತಿಲ್ಲ. ಎಚ್ಚರ ತಪ್ಪಿ ಕೈ ಎಳೆದರೆ ಹೊಲಿಗೆ ಕೀಳುತ್ತದೆ. ಹಾಗಾಗಿ ನಿದ್ದೆ ತುಂಡುತುಂಡು. ಅಗ್ನಿ ನಕ್ಷತ್ರದ ಸೆಕೆ. ಕೈಯಡಿ ಬೆವರು ನಿಂತು ವಾಸನೆ ಬರುತ್ತಿತ್ತು. ಆ ವಾಸನೆ ನನಗೇ ಮೊದಲು ಗೊತ್ತಾಗುತ್ತಿತ್ತು. ಲುಂಗಿ ಕಟ್ಟಿಕೊಳ್ಳಲು, ಮೂತ್ರಕ್ಕೆ ಹೋಗಲು ಇನ್ನೊಬ್ಬರು ಬೇಕು. ಹೆಂಡತಿ ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಿದ್ದಳು. ಮದುವೆಯಾಗಿ ಮೂವತ್ತು ವರ್ಷದ ಮೇಲಾಗಿದ್ದರೂ ನಾಚಿಕೆಯಾಯಿತು. ಅವಳು ಬೇರೆ ಕಡೆ ನೋಡಿಕೊಂಡು ಒರೆಸುತ್ತಿದ್ದಳು, ಅದು ಅವಳ ದೊಡ್ಡತನ. ಭುಜ ಮರವಾಗಿತ್ತು. ಹೋದ ಬೆರಳು ನೋಯುತ್ತಿತ್ತು. ಅದರ ಉಗುರಿನ ಕೆಳಗೆ ಚುಚ್ಚಿದಂತಾಗುತ್ತಿತ್ತು. ಇಲ್ಲದ ಬೆರಳು ಹೇಗೆ ನೋಯುತ್ತದೆ ಎಂದು ಕೇಳಿದೆ. ನರಕ್ಕೆ ಬೆರಳು ಹೋದದ್ದು ಇನ್ನೂ ತಿಳಿದಿಲ್ಲ ಎಂದರು.

ಪಕ್ಕದ ಹಾಸಿಗೆಯವನು ಡೆಂಕಣಿಕೋಟೆ ಕಡೆಯ ರೈತ. ಕಬ್ಬಿನ ಗಾಣಕ್ಕೆ ಬಲಗೈ ಕೊಟ್ಟಿದ್ದ. ನನ್ನ ಹೆಂಡತಿ ಮಾತಾಡುವುದನ್ನು ಕೇಳಿ, "ನೀವು ಕನ್ನಡದೋರಾ ಅಕ್ಕಾ?" ಎಂದ. ಅವನ ಮನೆಮಾತೂ ಕನ್ನಡ. ರಾತ್ರಿ ಇಬ್ಬರಿಗೂ ನಿದ್ದೆ ಇರುತ್ತಿರಲಿಲ್ಲ. ರಾಗಿ, ಬೋರ್‌ವೆಲ್, ಆನೆ ಹೊಲಕ್ಕೆ ಬರುವುದು, ಇವನ್ನೇ ಮಾತಾಡುತ್ತಿದ್ದ. ಗಾಣದ ಮಾತು ಅವನು ಎತ್ತಲಿಲ್ಲ, ಬೆಲ್ಟಿನ ಮಾತು ನಾನೂ ಎತ್ತಲಿಲ್ಲ. ವಾರ್ಡಿನಲ್ಲಿ ಹೆಚ್ಚಿನವರು ಪವರ್ ಪ್ರೆಸ್ಸಿನಲ್ಲಿ ಕೈ ಕೊಟ್ಟವರು. ಇಪ್ಪತ್ತು, ಇಪ್ಪತ್ತೆರಡರ ಹುಡುಗರು. ಅವರನ್ನು ನೋಡಿದ ಮೇಲೆ ನನ್ನ ಕೈ ಬಗ್ಗೆ ಹೆಚ್ಚು ಮಾತಾಡುವುದು ಬಿಟ್ಟೆ.

ಕಾರ್ಮಿಕರ ಪರಿಹಾರಕ್ಕೆಂದು ಆಗ 1923ರ ಕಾಯಿದೆಯೊಂದಿತ್ತು. ಅದರ ಪಟ್ಟಿಯಲ್ಲಿ ಪ್ರತಿ ಬೆರಳಿಗೂ ಬೆಲೆ ಬರೆದಿತ್ತು. ತೋರುಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ ಶೇ. 14 ನಷ್ಟ. ಎರಡು ಗಣ್ಣು ಹೋದರೆ ಶೇ. 11. ಒಂದು ಗಣ್ಣಿಗೆ ಶೇ. 9. ನನ್ನದು 11. ನಾನು ಯಾರ ಕೆಲಸಗಾರನೂ ಆಗಿರಲಿಲ್ಲ, ಸ್ವಂತ ಸೈಕಲ್ಲಿನ ಕೆಲಸ. ಆದ್ದರಿಂದ ಪರಿಹಾರದ ಮಾತಿಲ್ಲ. ಸ್ಟಾನ್ಲಿಯಲ್ಲಿ ಆಪರೇಷನ್ನಿಗೆ ದುಡ್ಡು ಕೇಳಲಿಲ್ಲ. ಅದೊಂದು ಉಳಿಸಿತು.

ಚರ್ಮ ಬಿಡಿಸಿ, ಕೈ ನನ್ನದಾಗಿ ಮನೆಗೆ ಬಂದಾಗ ಮನೆಯಲ್ಲಿ ನೀರಿರಲಿಲ್ಲ. ಆ ವರ್ಷ ಚೆನ್ನೈಗೆ ನೀರು ಕೊಡುವ ನಾಲ್ಕೂ ಕೆರೆಗಳು, ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ, ಒಣಗಿದ್ದವು. ಬೀದಿಗೆ ಲಾರಿ ಬಂದಾಗ ಹೆಂಡತಿ ಕೊಡಗಳನ್ನು ಸಾಲಿಗಿಟ್ಟು ನಿಲ್ಲುತ್ತಿದ್ದಳು. ನಾನು ಬಲಗೈಯಲ್ಲಿ ಒಂದು ಕೊಡ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಗಾಯ ತೊಳೆಯಲು ಕಾಯಿಸಿ ಆರಿಸಿದ ನೀರು ಬೇಕು. ಅದನ್ನು ಚೊಂಬಿನಲ್ಲಿ ಅಳೆದು ಇಡುತ್ತಿದ್ದೆವು. ಎದುರು ಮನೆಯವರು ಕೇಳದೆಯೇ ಒಂದು ಕೊಡ ತಂದಿಟ್ಟು ಹೋಗುತ್ತಿದ್ದರು. ಜುಲೈ 12ರಂದು ಜೋಲಾರ್‌ಪೇಟೆಯಿಂದ ನೀರು ಹೊತ್ತ ಮೊದಲ ರೈಲು ನಮ್ಮ ವಿಲ್ಲಿವಾಕ್ಕಂಗೇ ಬಂತು. 50 ವ್ಯಾಗನ್, 25 ಲಕ್ಷ ಲೀಟರ್.

ಆಮೇಲಿನದು ಫಿಸಿಯೋಥೆರಪಿ. ಅದರ ನೋವು ಆಪರೇಷನ್ನಿನ ನೋವಿಗಿಂತ ಬೇರೆ, ನಾವೇ ಕೈಯಾರೆ ಕೊಟ್ಟುಕೊಳ್ಳುವಂಥದ್ದು. ಬಿಸಿ ಮೇಣದಲ್ಲಿ ಕೈ ಅದ್ದಿ, ಮಡಿಸಿ, ಬಿಡಿಸಿ, ತಟ್ಟೆಯಿಂದ ಅವರೆಕಾಳು ಹೆಕ್ಕುವುದು. ನಡುಬೆರಳು ಪೂರ್ತಿ ಮಡಿಸುವುದಿಲ್ಲ, ಆದರೆ ಹಿಡಿಯುತ್ತದೆ. ತೊಡೆಯ ಚರ್ಮವಾದ್ದರಿಂದ ಅದರ ಮೇಲೆ ಕೂದಲು ಬೆಳೆಯುತ್ತದೆ. ಅಲ್ಲಿ ಸ್ಪರ್ಶವಿಲ್ಲ. ಒಮ್ಮೆ ಸ್ಟೀಲ್ ಲೋಟದ ಕಾಫಿ ಹಿಡಿದು ಕೂತಿದ್ದೆ. ಬೊಬ್ಬೆ ಎದ್ದದ್ದನ್ನು ಹೆಂಡತಿ ನೋಡಿ ಹೇಳಿದಳು. ಈಗ ಲೋಟ ಬಲಗೈಗೆ.

ಶೆಡ್ಡಿಗೆ ವಾಪಸ್ ಹೋದೆ. ಮೈಕ್ರೋಮೀಟರ್ ಹಿಡಿತಕ್ಕೆ ಬರುವುದಿಲ್ಲ. ಅದನ್ನು ಸ್ಟ್ಯಾಂಡಿಗೆ ಕಚ್ಚಿಸಿ ಅಳೆಯುತ್ತೇನೆ. ಸೂಕ್ಷ್ಮವಲ್ಲದ ಕೆಲಸಕ್ಕೆ ವರ್ನಿಯರ್ ಸಾಕು.

ಸೈಕಲ್ಲು ಅಲ್ಲೇ ಮೂಲೆಯಲ್ಲಿತ್ತು, ಕೊಯ್ದ ಬೆಲ್ಟ್ ನೇತಾಡುತ್ತಿತ್ತು. ಗುಜರಿಗೆ ಹಾಕೋಣ ಎಂದ ಗೆಳೆಯ. ಬೇಡ ಎಂದೆ. ಕ್ಲಚ್ಚಿಗೆ ಹೊಸ ಸ್ಪ್ರಿಂಗ್ ಹಾಕಿದೆ. ಎಂಜಿನ್ ನಿಲ್ಲಿಸುವ ಸ್ವಿಚ್ಚನ್ನು ಹ್ಯಾಂಡಲ್ಲಿನ ಜೊತೆ ಬೆಲ್ಟಿನ ಪಕ್ಕದಲ್ಲೂ ಒಂದು ಇಟ್ಟೆ. ಕತ್ತರಿಸಿಟ್ಟಿದ್ದ ತಗಡನ್ನು ಮಡಿಸಿ ಎರಡೂ ಬೆಲ್ಟಿಗೆ ಗಾರ್ಡ್ ಹಾಕಿದೆ. ಆಮೇಲೆಯೇ ಬೆಲ್ಟ್ ಏರಿಸಿದ್ದು. ಮೂವತ್ತಕ್ಕೆ ಒಂದರ ಲೆಕ್ಕ ಸರಿಯಾಗಿತ್ತು. ಪಾಡಿ ಮೇಲ್ಸೇತುವೆಯನ್ನು ನಾನು ಇಳಿಯದೆಯೇ ಸೈಕಲ್ಲು ಹತ್ತಿತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ, ಅದನ್ನು ಮುಚ್ಚಿಡುವುದಿಲ್ಲ. ಹೆಂಡತಿ ಮಾತ್ರ ಆ ಸೈಕಲ್ಲನ್ನು ಈವರೆಗೆ ಮುಟ್ಟಿಲ್ಲ.

ಬೆಲ್ಟ್ ಎಂದರೆ ರಬ್ಬರು, ಮೆತ್ತಗಿರುತ್ತದೆ, ಚೈನಿನ ಹಾಗೆ ಹಲ್ಲಿಲ್ಲ ಎಂದು ಜನ ತಿಳಿಯುತ್ತಾರೆ. ಕಾನೂನು ಹಾಗೆ ತಿಳಿದಿಲ್ಲ. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯಿದೆಯ 21ನೇ ಕಲಂ ಯಂತ್ರಗಳಿಗೆ ಬೇಲಿ ಬೇಕು ಎನ್ನುತ್ತಿತ್ತು. ತಿರುಗುವ ಪುಲಿಯ ಬೆಲ್ಟನ್ನು ಯಾರು, ಎಂಥ ಬಟ್ಟೆ ತೊಟ್ಟು ಮುಟ್ಟಬಹುದು, ಬೆಲ್ಟ್ ಎಷ್ಟು ಅಗಲವಿರಬಹುದು ಎಂಬುದನ್ನೂ 22ನೇ ಕಲಮಿನಲ್ಲಿ ಬರೆದಿದ್ದರು. ಮನೆಯಂಗಳದಲ್ಲಿ, ಬಾಡಿಗೆ ಶೆಡ್ಡಿನಲ್ಲಿ ಸೈಕಲ್ಲಿಗೆ ಎಂಜಿನ್ ಕಟ್ಟುವವರ ಹತ್ತಿರ ಆ ಕಾಯಿದೆ ಬರುತ್ತಿರಲಿಲ್ಲ. ಗಾರ್ಡನ್ನು ಅವರೇ ಹಾಕಿಕೊಳ್ಳಬೇಕು.

ಇಂಥ ಕೆಲಸ ಮಾಡುವವರಿಗೆ ನನ್ನದೊಂದು ಕೋರಿಕೆ. ಬೆರಳು ತುಂಡಾದರೆ ಗಾಯವನ್ನು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ಕೈ ಮೇಲಕ್ಕೆತ್ತಿ. ತುಂಡನ್ನು ಹುಡುಕಿ. ಸಲೈನಿನಲ್ಲಿ, ಇಲ್ಲವಾದರೆ ಶುದ್ಧ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ. ಆ ಚೀಲವನ್ನು ಐಸ್ ಇರುವ ಇನ್ನೊಂದು ಚೀಲದಲ್ಲಿಡಿ. ತುಂಡಿಗೆ ಐಸ್ ನೇರ ತಾಗಬಾರದು, ಅದನ್ನು ನೀರಿನಲ್ಲಿ ಮುಳುಗಿಸಬಾರದು, ಡೆಟಾಲ್ ಹಾಕಬಾರದು. ತಂಪಾಗಿ ಇಟ್ಟರೆ ಜೋಡಿಸಲು ಹೆಚ್ಚು ಹೊತ್ತು ಅವಕಾಶವಿರುತ್ತದೆ. ಪ್ಲಾಸ್ಟಿಕ್ ಸರ್ಜರಿ ವಿಭಾಗವಿರುವ ಆಸ್ಪತ್ರೆಗೇ ನೇರ ಹೋಗಿ. ನನ್ನ ಬೆರಳು ಉಳಿಯಲಿಲ್ಲ, ಅದೇ ವಾರ್ಡಿನಲ್ಲಿ ಹೀಗೆ ತಂದ ಬೇರೆಯವರದು ಉಳಿದದ್ದನ್ನು ನೋಡಿದ್ದೇನೆ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಹತ್ತಿರದ ಅಂಥ ಆಸ್ಪತ್ರೆಯ ಫೋನ್ ನಂಬರ್ ಸೇರಿಸಿ, ನಿಮ್ಮ ಶೆಡ್ಡಿನ ಗೋಡೆಗೆ ಅಂಟಿಸಿ.